ಬಿಗಿದ ಸ್ನಾಯುವಿಗೆ ನಡಿಗೆ ಮದ್ದಲ್ಲ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಬೇಸಿಗೆಯ ಹುಣ್ಣಿಮೆಯ ಆಸುಪಾಸಿನ ಒಂದು ಶನಿವಾರ, ಬೆಳಗಿನ ಜಾವ ಐದು ಗಂಟೆ ದಾಟುತ್ತಿದ್ದಂತೆ ನೂರಕ್ಕೂ ಹೆಚ್ಚು ಕುದುರೆಗಳು ಕಾಡುದಾರಿಗೆ ಇಳಿಯುತ್ತವೆ. ಆಬರ್ನ್ ಊರಿನ ವೆಂಡೆಲ್ ರೋಬಿ 1955ರಲ್ಲಿ ಆರಂಭಿಸಿದ ಟೆವಿಸ್ ಕಪ್ ಸವಾರಿ ಇದು. ದೂರ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್; ಗಡುವು 24 ಗಂಟೆ. 36ನೆಯ ಮೈಲಿಯ ರಾಬಿನ್ಸನ್ ಫ್ಲ್ಯಾಟ್ ಎಂಬಲ್ಲಿ ಒಂದು ಗಂಟೆಯ ಕಡ್ಡಾಯ ವಿರಾಮ. ಇಂಥ ವಿರಾಮದ ತಾಣಗಳಲ್ಲಿ, ಜಗತ್ತಿನ ಯಾವ ದೀರ್ಘದೂರ ಸವಾರಿಯಲ್ಲೇ ಆಗಲಿ, ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ಲವಲವಿಕೆಯಿಂದ ಬಂದ ಕುದುರೆ ಹುಲ್ಲು ಮೇಯುತ್ತದೆ, ವಿಶ್ರಮಿಸುತ್ತದೆ. ಮತ್ತೆ ಹೊರಡಿಸಲು ಹಗ್ಗ ಎಳೆದಾಗ ಮುಂಗಾಲು ಬರುತ್ತದೆ, ಹಿಂಗಾಲು ಬರುವುದಿಲ್ಲ. ಸೊಂಟದ ಹಿಂದಿನ ಮಾಂಸಖಂಡ ಮುಟ್ಟಿದರೆ ಮರದಷ್ಟು ಗಟ್ಟಿ. ಪಕ್ಕೆಯ ಮೇಲೆ ಹೊಸ ಬೆವರು ಒಡೆಯುತ್ತದೆ. ಇಳಿದಿದ್ದ ಎದೆಬಡಿತ ಮತ್ತೆ ಏರುತ್ತದೆ. ಸುತ್ತ ನಿಂತವರಲ್ಲಿ ಯಾರೋ ಒಬ್ಬರು, ಅನುಭವಸ್ಥರೇ, ಹೇಳುತ್ತಾರೆ: ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ನಿಧಾನವಾಗಿ ನಡೆಸಿ, ಬಿಟ್ಟುಕೊಳ್ಳುತ್ತದೆ.

ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ರೋಗದ ಕಾರಣ ತಪ್ಪು, ಹೇಳಿದ ಮದ್ದು ಇನ್ನೂ ದೊಡ್ಡ ತಪ್ಪು. ಸವಾರರ ಬಾಯಲ್ಲಿ ‘ಟೈಯಿಂಗ್ ಅಪ್’ ಎನಿಸಿಕೊಂಡಿರುವ, ವೈದ್ಯರು ರ‍್ಯಾಬ್ಡೊಮಯೊಲಿಸಿಸ್ ಎನ್ನುವ ಈ ಸ್ಥಿತಿ ಬರೀ ಬಿಗಿತವಲ್ಲ, ಸುಸ್ತೂ ಅಲ್ಲ. ಸ್ನಾಯುಕೋಶಗಳು ಒಡೆದು ರಕ್ತಕ್ಕೆ ಸೋರುತ್ತಿರುವ ಗಾಯ ಅದು. ಗಾಯಗೊಂಡ ಸ್ನಾಯುವನ್ನು ದುಡಿಸಿ ವಾಸಿ ಮಾಡುತ್ತೇವೆ ಎನ್ನುವ ನಂಬಿಕೆ ಕುದುರೆಗಳ ಮೂತ್ರಪಿಂಡಗಳನ್ನು ಹಾಳುಗೆಡವುತ್ತಿದೆ. ಕುದುರೆ ಲಾಯಗಳಲ್ಲಿ ಇಂದಿಗೂ ಚಲಾವಣೆಯಲ್ಲಿರುವ ಈ ನಂಬಿಕೆಯನ್ನು ಬುಡಸಮೇತ ಕೀಳಬೇಕಾಗಿದೆ.

ಮೊದಲು ಸ್ನಾಯುವಿನೊಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಸ್ನಾಯುತಂತು ಸಂಕುಚಿತಗೊಳ್ಳಲು ಶಕ್ತಿ ಬೇಕೆಂಬುದು ಎಲ್ಲರಿಗೂ ಗೊತ್ತು. ಸಡಿಲಗೊಳ್ಳಲೂ ಶಕ್ತಿ ಬೇಕು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸಂಕೋಚನಕ್ಕೆ ಅಪ್ಪಣೆ ಕೊಡುವುದು ಕೋಶದೊಳಗೆ ಬಿಡುಗಡೆಯಾಗುವ ಕ್ಯಾಲ್ಸಿಯಂ. ಅದನ್ನು ಮತ್ತೆ ಅದರ ಉಗ್ರಾಣಕ್ಕೆ ಪಂಪ್ ಮಾಡಿದರೆ ಮಾತ್ರ ತಂತು ಸಡಿಲವಾಗುತ್ತದೆ, ಆ ಪಂಪಿಗೆ ಎಟಿಪಿ ಎಂಬ ಇಂಧನ ಬೇಕು. ಇಂಧನ ಸಾಲದಾದಾಗ, ಬಿಸಿ ಏರಿದಾಗ, ಲವಣಗಳ ಸಮತೋಲ ತಪ್ಪಿದಾಗ ಅಥವಾ ಹುಟ್ಟಿನಿಂದಲೇ ಸ್ನಾಯುವಿನಲ್ಲಿ ದೋಷವಿದ್ದಾಗ ತಂತುಗಳು ಬಿಗಿದಲ್ಲೇ ಉಳಿಯುತ್ತವೆ. ಕೋಶದ ಪೊರೆ ಹರಿಯುತ್ತದೆ. ಒಳಗಿದ್ದ ಕ್ರಿಯಾಟಿನ್ ಕೈನೇಸ್ ಅಂದರೆ ಸಿಕೆ, ಎಎಸ್‌ಟಿ ಎಂಬ ಇನ್ನೊಂದು ಕಿಣ್ವ, ಪೊಟ್ಯಾಸಿಯಂ, ಮಯೊಗ್ಲೋಬಿನ್ ಎಲ್ಲವೂ ರಕ್ತಕ್ಕೆ ಸುರಿಯುತ್ತವೆ. ಮಯೊಗ್ಲೋಬಿನ್ ಎಂದರೆ ಸ್ನಾಯುವಿಗೆ ಕೆಂಪು ಬಣ್ಣ ಕೊಡುವ ಪ್ರೋಟೀನ್. ಚಿಕ್ಕ ಅಣುವಾದ್ದರಿಂದ ಅದು ಮೂತ್ರಪಿಂಡದ ಜರಡಿಯಲ್ಲಿ ಸುಲಭವಾಗಿ ಇಳಿಯುತ್ತದೆ. ಆಗ ಕುದುರೆಯ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ನೀರು ತುಂಬಿದ ದೇಹದಲ್ಲಿ ಇದು ಹೇಗೋ ಹೊರಹೋದೀತು. ಬೆವರಿ ಬಸವಳಿದ ದೇಹದಲ್ಲಿ ಅದೇ ಮಯೊಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ವಿಷವಾಗುತ್ತದೆ.

ಲ್ಯಾಕ್ಟಿಕ್ ಆಮ್ಲದ ಕಥೆ ಎಲ್ಲಿಂದ ಬಂತು? ಇದಕ್ಕೊಂದು ಗೌರವಾನ್ವಿತ ಚರಿತ್ರೆಯಿದೆ. ಯಂತ್ರಗಳಿಗಿಂತ ಮುಂಚಿನ ಯುರೋಪು ಮತ್ತು ಅಮೆರಿಕದಲ್ಲಿ ಗಾಡಿ, ನೇಗಿಲು ಎಳೆಯುತ್ತಿದ್ದ ದೊಡ್ಡ ತಳಿಯ ಕುದುರೆಗಳಿಗೆ ಭಾನುವಾರ ರಜೆ. ಆದರೆ ಧಾನ್ಯದ ಪಾಲು ಎಂದಿನಷ್ಟೇ. ಸೋಮವಾರ ಬೆಳಿಗ್ಗೆ ನೊಗಕ್ಕೆ ಕಟ್ಟಿದ ಕೆಲವೇ ಹೊತ್ತಿಗೆ ಕುದುರೆ ಬಿಗಿದು ನಿಲ್ಲುತ್ತಿತ್ತು, ಕೆಲವು ಕುಸಿದು ಸಾಯುತ್ತಿದ್ದವು. ಇದಕ್ಕೆ ‘ಸೋಮವಾರದ ರೋಗ’ ಎಂದೇ ಹೆಸರು ಬಿತ್ತು. 1922ರ ನೊಬೆಲ್ ಪ್ರಶಸ್ತಿ ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಕುರಿತ ಸಂಶೋಧನೆಗಾಗಿ ಹಿಲ್ ಮತ್ತು ಮೆಯರ್‌ಹಾಫ್ ಅವರಿಗೆ ಸಂದ ಮೇಲೆ ಸ್ನಾಯುವಿನ ಪ್ರತಿ ತೊಂದರೆಗೂ ಲ್ಯಾಕ್ಟಿಕ್ ಆಮ್ಲದತ್ತ ಬೆರಳು ತೋರಿಸುವ ಕಾಲ ಬಂತು. 1930ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟ್ರಾಮ್ ಈ ರೋಗಕ್ಕೆ ವಿವರಣೆ ಕೊಟ್ಟರು: ರಜೆಯಲ್ಲಿ ಸ್ನಾಯುವಿನೊಳಗೆ ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆ ಅತಿಯಾಗಿ ಶೇಖರವಾಗುತ್ತದೆ, ಕೆಲಸಕ್ಕೆ ಹೂಡಿದಾಗ ಅದು ಒಮ್ಮೆಲೇ ಲ್ಯಾಕ್ಟಿಕ್ ಆಮ್ಲವಾಗಿ ಸ್ನಾಯುವನ್ನು ಸುಡುತ್ತದೆ. ಅಂದಿನ ತಿಳಿವಳಿಕೆಗೆ ಇದು ಒಪ್ಪುವ ಮಾತೇ. ಅಂದಿನ ವಿಜ್ಞಾನಿಯನ್ನು ದೂರುವ ಅಗತ್ಯವಿಲ್ಲ. ಅಳೆದು ನೋಡುವ ಸಾಧನಗಳು ಬಂದು ಆ ವಿವರಣೆ ಬಿದ್ದುಹೋದ ಮೇಲೂ ಅದನ್ನೇ ಹಿಡಿದು ಕೂತವರನ್ನು ದೂರಬೇಕು.

ಅಳತೆ ಏನು ಹೇಳುತ್ತದೆ? ರೇಸಿನಲ್ಲಿ ಓಡಿ ನಿಂತ ಥರೋಬ್ರೆಡ್ ಕುದುರೆಯ ರಕ್ತದಲ್ಲಿ ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಇರುವ ರೂಪ, ಲೀಟರಿಗೆ 20ರಿಂದ 30 ಮಿಲಿಮೋಲ್‌ವರೆಗೆ ಏರುತ್ತದೆ. ಆ ಕುದುರೆ ಬೆವರು ಒರೆಸಿಕೊಂಡು ಲಾಯಕ್ಕೆ ನಡೆದು ಹೋಗುತ್ತದೆ. ದೀರ್ಘದೂರದ ಕುದುರೆ ಹೆಚ್ಚಿನ ದಾರಿಯನ್ನು ಸವೆಸುವುದು ಕೊಬ್ಬನ್ನು ಆಮ್ಲಜನಕದೊಂದಿಗೆ ಉರಿಸಿಕೊಂಡು. ಕೊನೆಯ ಗಳಿಗೆಯ ಜಿದ್ದಿನ ಓಟವನ್ನು ಬಿಟ್ಟರೆ ಅದರ ರಕ್ತದ ಲ್ಯಾಕ್ಟೇಟ್ 2ರ ಆಸುಪಾಸಿನಲ್ಲೇ ಇರುತ್ತದೆ. ಆಮ್ಲವೇ ಸ್ನಾಯುವನ್ನು ಒಡೆಯುವುದಾಗಿದ್ದರೆ ರೇಸ್‌ಕೋರ್ಸಿನ ಪ್ರತಿ ಕುದುರೆಯೂ ಕಂಬ ದಾಟಿದ ಕೂಡಲೇ ಬಿಗಿದು ನಿಲ್ಲಬೇಕಿತ್ತು, ದೀರ್ಘದೂರದ ಕುದುರೆಗೆ ಈ ರೋಗವೇ ಬರಬಾರದಿತ್ತು. ಇನ್ನೊಂದು ಸಂಗತಿ. ಓಟ ನಿಂತ ಒಂದೆರಡು ಗಂಟೆಯೊಳಗೆ ಲ್ಯಾಕ್ಟೇಟ್ ರಕ್ತದಿಂದ ತೊಲಗಿರುತ್ತದೆ. ಯಕೃತ್ತು, ಹೃದಯ, ಬೇರೆ ಸ್ನಾಯುಗಳು ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಸ್ನಾಯುವಿನ ಬಿಗಿತ ಮತ್ತು ನೋವು ಮಾತ್ರ ಮರುದಿನವೂ ಇರುತ್ತದೆ. ಮೊದಲು ಸ್ವೀಡನ್ನಿನಲ್ಲಿ, ಬಳಿಕ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಸ್ಟೆಫನಿ ವಾಲ್ಬರ್ಗ್ ಮತ್ತವರ ಸಹೋದ್ಯೋಗಿಗಳು ಪದೇ ಪದೇ ಟೈ-ಅಪ್ ಆಗುವ ಕುದುರೆಗಳನ್ನು ದುಡಿಸಿ, ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ರೋಗಕ್ಕೂ ಲ್ಯಾಕ್ಟಿಕ್ ಆಮ್ಲಕ್ಕೂ ನಂಟು ಸಿಗಲಿಲ್ಲ.

ಸೋಮವಾರದ ರೋಗಕ್ಕೂ ಕೊನೆಗೆ ಉತ್ತರ ಸಿಕ್ಕಿತು. 2008ರಲ್ಲಿ ಅದೇ ತಂಡ ಗ್ಲೈಕೋಜನ್ ತಯಾರಿಸುವ ಕಿಣ್ವದ ಜೀನಿನಲ್ಲಿ ಒಂದು ರೂಪಾಂತರವನ್ನು ಪತ್ತೆಹಚ್ಚಿತು. ಬೆಲ್ಜಿಯನ್, ಪರ್ಶೆರಾನ್‌ನಂಥ ಭಾರ ಎಳೆಯುವ ತಳಿಗಳಲ್ಲಿ ಅದು ವ್ಯಾಪಕ. ಈ ಜೀನ್ ಇರುವ ಕುದುರೆಯ ಸ್ನಾಯು ಸಕ್ಕರೆಯನ್ನು ಬಿಡುವಿಲ್ಲದೆ ಕೂಡಿಡುತ್ತದೆ, ಬೇಕಾದಾಗ ಶಕ್ತಿಯಾಗಿ ಬಳಸಲು ಅದಕ್ಕೆ ಆಗುವುದಿಲ್ಲ. ದುಡಿಮೆಯ ನಂತರ ಇಂಥ ಕುದುರೆಗಳಲ್ಲಿ ಲ್ಯಾಕ್ಟೇಟ್ ಕಡಿಮೆಯೇ ಇರುತ್ತದೆ. ರಜೆಯ ದಿನ ಧಾನ್ಯ ಕಡಿಮೆ ಮಾಡಬೇಕೆಂಬ ಹಳಬರ ಮಾತಿನಲ್ಲಿ ಹುರುಳಿತ್ತು. ಅದಕ್ಕೆ ಅವರು ಕೊಟ್ಟ ಕಾರಣದಲ್ಲಿ ಇರಲಿಲ್ಲ.

ಕಾರಣ ಯಾವುದಾದರೇನು, ಕುದುರೆ ಸುಧಾರಿಸಿಕೊಂಡರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಕಾರಣ ತಪ್ಪಾದರೆ ಮದ್ದೂ ತಪ್ಪುತ್ತದೆ ಎಂಬುದಕ್ಕೆ ಅಡುಗೆ ಸೋಡಾಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಆಮ್ಲಕ್ಕೆ ಕ್ಷಾರ ಎಂಬ ಸರಳ ತರ್ಕದಿಂದ ಕುದುರೆಗೆ ಸೋಡಿಯಂ ಬೈಕಾರ್ಬನೇಟ್ ಕುಡಿಸುವ ಚಟ ರೇಸ್ ಲೋಕದಲ್ಲಿ ಎಷ್ಟು ಹರಡಿತೆಂದರೆ, ರೇಸ್ ಆಡಳಿತಗಳು ಅದನ್ನು ನಿಷೇಧಿಸಿ ರಕ್ತಪರೀಕ್ಷೆ ಜಾರಿಗೆ ತರಬೇಕಾಯಿತು. ದೀರ್ಘದೂರದ ಕುದುರೆಯಲ್ಲಂತೂ ಇದು ಉರಿಗೆ ಎಣ್ಣೆ ಸುರಿದ ಹಾಗೆ. ಬಿಸಿಲಲ್ಲಿ ದುಡಿಯುವ ಕುದುರೆ ಗಂಟೆಗೆ 10ರಿಂದ 15 ಲೀಟರ್ ಬೆವರಬಲ್ಲದು. ಮನುಷ್ಯನ ಬೆವರಿಗಿಂತ ಕುದುರೆಯ ಬೆವರು ಬಹಳ ಉಪ್ಪು. ಅದರಲ್ಲಿರುವ ಕ್ಲೋರೈಡ್ ಪ್ರಮಾಣ ರಕ್ತದಲ್ಲಿರುವುದಕ್ಕಿಂತಲೂ ಹೆಚ್ಚು. ಕ್ಲೋರೈಡ್ ಹೀಗೆ ಹರಿದು ಹೋದಾಗ ಮೂತ್ರಪಿಂಡ ಅದರ ಜಾಗದಲ್ಲಿ ಬೈಕಾರ್ಬನೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತ ಆಮ್ಲೀಯವಾಗುವುದಿಲ್ಲ, ಕ್ಷಾರೀಯವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಗ್ಯಾರಿ ಕಾರ್ಲ್ಸನ್ 1970ರ ದಶಕದಲ್ಲೇ ದೀರ್ಘದೂರ ಸವಾರಿಯ ಕುದುರೆಗಳ ರಕ್ತ ಪರೀಕ್ಷಿಸಿ ಈ ಬದಲಾವಣೆಗಳನ್ನು ದಾಖಲಿಸಿದರು. ಕ್ಷಾರ ಏರಿದ, ಕ್ಯಾಲ್ಸಿಯಂ ಕುಸಿದ ಕುದುರೆಯಲ್ಲಿ ಎದೆಬಡಿತದ ತಾಳಕ್ಕೆ ಪಕ್ಕೆ ಹಾರುವ ವಿಚಿತ್ರ ತೊಂದರೆಯೂ ಕಾಣಿಸಿಕೊಳ್ಳುತ್ತದೆ. ಇಂಥ ಕುದುರೆಯ ಗಂಟಲಿಗೆ ಸೋಡಾ ಸುರಿಯುವವರು ಇಲ್ಲದ ಆಮ್ಲದ ಮೇಲೆ ಯುದ್ಧ ಹೂಡಿ ಇರುವ ಕಾಯಿಲೆಯನ್ನು ಬಲಪಡಿಸುತ್ತಾರೆ.

ಇನ್ನು ನಡಿಗೆ. ಅದರ ಪರ ವಾದ ಮಾಡುವವರು ಹೇಳುವುದನ್ನು ಕೇಳಿಸಿಕೊಳ್ಳಲೇಬೇಕು. ನಡೆಸಿದರೆ ರಕ್ತಸಂಚಾರ ಹೆಚ್ಚುತ್ತದೆ, ಸ್ನಾಯು ಬೆಚ್ಚಗಾಗುತ್ತದೆ, ಎಷ್ಟೋ ಕುದುರೆಗಳು ಹತ್ತು ನಿಮಿಷದಲ್ಲಿ ಸಡಿಲಾಗಿ ಸವಾರಿ ಮುಗಿಸಿವೆ ಎಂದು ಅವರು ಹೇಳುತ್ತಾರೆ. ಮೊದಲ ಮಾತು ನೀರು ತುಂಬಿದ ದೇಹಕ್ಕೆ ಸರಿ. ಬೆವರಿನಲ್ಲಿ ಹತ್ತಾರು ಲೀಟರ್ ಕಳೆದುಕೊಂಡ ಕುದುರೆಯಲ್ಲಿ ರಕ್ತದ ಪ್ರಮಾಣವೇ ಕುಗ್ಗಿರುತ್ತದೆ. ಚರ್ಮವನ್ನು ತಂಪಾಗಿಸಲು, ಮೆದುಳನ್ನು ಕಾಯಲು ಆ ರಕ್ತ ಹಂಚಿಹೋಗಿರುತ್ತದೆ. ನಡಿಗೆ ಸ್ನಾಯುವಿಗೆ ಹೆಚ್ಚು ರಕ್ತ ತರುವುದಿಲ್ಲ, ಶಕ್ತಿಯ ಬೇಡಿಕೆಯನ್ನಷ್ಟೇ ತರುತ್ತದೆ. ಪಂಪ್ ನಿಂತ ತಂತುವಿಗೆ ಮತ್ತೆ ಸಂಕೋಚನದ ಆದೇಶ ಕೊಟ್ಟರೆ ಅದು ಇನ್ನಷ್ಟು ಹರಿಯುತ್ತದೆ. ಇಳಿಜಾರಿನಲ್ಲಂತೂ ಸ್ನಾಯು ಬಿಗಿಯುತ್ತಲೇ ಎಳೆಯಲ್ಪಡುತ್ತದೆ. ಸ್ನಾಯುತಂತುಗಳಿಗೆ ಅತಿ ಹೆಚ್ಚು ಹಾನಿ ಮಾಡುವ ಕೆಲಸ ಅದೇ. ಟೆವಿಸ್ ದಾರಿಯಲ್ಲಿ ಏರಿಗಿಂತ ಇಳಿಜಾರೇ ಹೆಚ್ಚು. ರಾಬಿನ್ಸನ್ ಫ್ಲ್ಯಾಟ್ ದಾಟಿದ ಮೇಲೆ ಬರುವ ಕಣಿವೆಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರವಾಗುತ್ತದೆ. ಬಿಗಿದ ಕುದುರೆಯನ್ನು ‘ಮುಂದಿನ ತಾಣದವರೆಗೆ’ ನಡೆಸುವುದೆಂದರೆ ಅದನ್ನು ಈ ಇಳಿಜಾರಿಗೆ ಇಳಿಸುವುದು.

ಹತ್ತು ನಿಮಿಷದಲ್ಲಿ ಸಡಿಲಾದ ಕುದುರೆಗಳ ವಾದ ಇನ್ನೂ ದುರ್ಬಲ. ಸೌಮ್ಯವಾದ ಸೆಳೆತ ತನ್ನಷ್ಟಕ್ಕೆ ಬಿಡುತ್ತದೆ, ನಡೆಸಿದರೂ ಬಿಡುತ್ತದೆ, ನಿಲ್ಲಿಸಿದರೂ ಬಿಡುತ್ತದೆ. ಆ ಗೆಲುವು ನಡಿಗೆಯ ಖಾತೆಗೆ ಜಮೆಯಾಗುತ್ತದೆ. ನಡೆಸಿದ್ದರಿಂದ ಕುಸಿದ ಕುದುರೆಯ ಲೆಕ್ಕ ‘ಮೊದಲೇ ಕೆಟ್ಟಿತ್ತು’ ಎಂಬ ಖಾತೆಗೆ ಹೋಗುತ್ತದೆ. ಸೆಳೆತವೋ ಗಾಯವೋ ಎಂಬುದನ್ನು ಕಾಡಿನ ದಾರಿಯಲ್ಲಿ ನಿಂತು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗದು. ಹೇಳಬಲ್ಲದ್ದು ರಕ್ತ. ಆರೋಗ್ಯವಂತ ಕುದುರೆಯಲ್ಲಿ ಸಿಕೆ ಲೀಟರಿಗೆ ಕೆಲವು ನೂರು ಯೂನಿಟ್ ಇರುತ್ತದೆ. 160 ಕಿಲೋಮೀಟರ್ ಸುಖವಾಗಿ ಮುಗಿಸಿದ ಕುದುರೆಯಲ್ಲೂ ಅದು ಕೆಲವು ಸಾವಿರಕ್ಕೆ ಏರಬಹುದು. ಟೈ-ಅಪ್ ಆದ ಕುದುರೆಯಲ್ಲಿ ಹತ್ತಾರು ಸಾವಿರ ಮುಟ್ಟುತ್ತದೆ, ಕೆಲವೊಮ್ಮೆ ಲಕ್ಷವನ್ನೂ ಮೀರುತ್ತದೆ. ಇನ್ನೊಂದು ತೊಡಕೆಂದರೆ ಸಿಕೆ ತುದಿ ಮುಟ್ಟಲು ನಾಲ್ಕರಿಂದ ಆರು ಗಂಟೆ ಬೇಕು, ಎಎಸ್‌ಟಿಗೆ ಸುಮಾರು ಒಂದು ದಿನ. ಬಿಗಿದ ಹತ್ತು ನಿಮಿಷಕ್ಕೆ ತೆಗೆದ ರಕ್ತವೂ ಪೂರ್ಣ ಸತ್ಯ ಹೇಳುವುದಿಲ್ಲ. ಹಾಗಿರುವಾಗ ಏನನ್ನೂ ಅಳೆಯದೆ, ನಡೆಯಿತಲ್ಲ ಎಂಬ ಒಂದೇ ಆಧಾರದ ಮೇಲೆ ಕುದುರೆಯನ್ನು ಮತ್ತೆ ದಾರಿಗೆ ಬಿಡುವುದು ಜೂಜು. ಕಾದು ನೋಡಿದರೆ ಕಳೆಯುವುದು ಒಂದು ಪದಕ, ನಡೆಸಿ ನೋಡಿದರೆ ಕಳೆಯಬಹುದಾದದ್ದು ಒಂದು ಜೀವ.

ನಡಿಗೆಯ ಪಕ್ಕದಲ್ಲೇ ನೋವಿನ ಇಂಜೆಕ್ಷನ್ ನಿಂತಿರುತ್ತದೆ. ಫಿನೈಲ್‌ಬ್ಯುಟಜೋನ್, ಫ್ಲುನಿಕ್ಸಿನ್ ಕುದುರೆ ಲಾಯಗಳ ಪೆಟ್ಟಿಗೆಯಲ್ಲಿ ಸದಾ ಸಿಗುವ ಔಷಧಗಳು. ಸರಿಯಾದ ಹೊತ್ತಿನಲ್ಲಿ ಒಳ್ಳೆಯ ಔಷಧಗಳೇ. ದೇಹದಲ್ಲಿ ನೀರು ಕುಗ್ಗಿದಾಗ ಮೂತ್ರಪಿಂಡ ತನ್ನೊಳಗಿನ ರಕ್ತನಾಳಗಳನ್ನು ತೆರೆದಿಡಲು ಪ್ರಾಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ನೆಚ್ಚಿಕೊಂಡಿರುತ್ತದೆ. ಈ ಔಷಧಗಳು ತಡೆಯುವುದು ಅದನ್ನೇ. ನೀರು ಕೊಡದೆ ಇರಿಸಿದ ಕುದುರೆಗಳಿಗೆ ಫಿನೈಲ್‌ಬ್ಯುಟಜೋನ್ ಕೊಟ್ಟಾಗ ಮೂತ್ರಪಿಂಡದ ಒಳತುದಿಯ ಅಂಗಾಂಶ ಸಾಯುತ್ತದೆ ಎಂಬುದು 1980ರ ದಶಕದ ಪ್ರಯೋಗಗಳಿಂದಲೇ ಗೊತ್ತಿದೆ. ಒಂದು ಕಡೆ ಮಯೊಗ್ಲೋಬಿನ್, ಇನ್ನೊಂದು ಕಡೆ ನೀರಿನ ಕೊರತೆ, ಅದರ ಮೇಲೆ ಈ ಇಂಜೆಕ್ಷನ್. ಮೂರು ಸೇರಿದರೆ ಮೂತ್ರಪಿಂಡಕ್ಕೆ ಉಳಿಗಾಲವಿಲ್ಲ. ಮೂತ್ರ ಕಪ್ಪಾಗಿದೆ, ‘ತೊಳೆದು ಹೋಗಲಿ’ ಎಂದು ಮೂತ್ರವರ್ಧಕ ಚುಚ್ಚುವುದು ಇದೇ ಜಾತಿಯ ಅಪಚಾರ. ಅದು ಉಳಿದ ನೀರನ್ನೂ ಹೊರಗೆ ಹಾಕುತ್ತದೆ. ಕುದುರೆಯನ್ನು ಶಾಂತಗೊಳಿಸುವ, ರಕ್ತನಾಳ ಸಡಿಲಿಸುವ ಅಸಿಪ್ರೊಮಜೀನ್ ಕೂಡ ಒಣಗಿದ ದೇಹದಲ್ಲಿ ರಕ್ತದೊತ್ತಡವನ್ನು ಪಾತಾಳಕ್ಕೆ ತಳ್ಳಬಲ್ಲದು.

ಸ್ನಾಯುವಿನ ಹೆಸರಿನಲ್ಲಿ ಮಾರಾಟವಾಗುವ ಟಾನಿಕ್ಕುಗಳ ಮೇಲಿನ ಭಕ್ತಿಯೂ ಇದೇ ಮನೋಭಾವದ ಕವಲು. ಸೆಲೆನಿಯಂ ಕೊರತೆಯಿದ್ದರೆ ಸ್ನಾಯು ಹಾಳಾಗುತ್ತದೆ ಎಂಬುದು ನಿಜ, ಆದ್ದರಿಂದ ಸೆಲೆನಿಯಂ ಹೆಚ್ಚು ಕೊಟ್ಟಷ್ಟೂ ಸ್ನಾಯು ಗಟ್ಟಿ ಎಂಬುದು ಸುಳ್ಳು. 2009ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ವೆಲ್ಲಿಂಗ್‌ಟನ್‌ನಲ್ಲಿ ಅಮೆರಿಕದ ಓಪನ್ ಪೋಲೊ ಟೂರ್ನಿಯ ವೇಳೆ ವೆನೆಜುವೆಲಾ ಮೂಲದ ಲೆಚುಜಾ ಕರಾಕಸ್ ತಂಡದ 21 ಕುದುರೆಗಳು ಒಂದರ ಹಿಂದೊಂದು ಬಿದ್ದು ಸತ್ತವು. ದಣಿವು ನೀಗಿಸಲೆಂದು ಕೊಟ್ಟ ಇಂಜೆಕ್ಷನ್‌ನಲ್ಲಿ ಸೆಲೆನಿಯಂ ಪ್ರಮಾಣ ತಪ್ಪಾಗಿತ್ತು. ಔಷಧ ತಯಾರಿಸಿದವರ ತಪ್ಪು ಅಲ್ಲಿತ್ತು, ಸಂದೇಹವಿಲ್ಲ. ಚೆನ್ನಾಗಿ ನಡೆದಾಡುತ್ತಿದ್ದ ಕುದುರೆಗಳಿಗೆ ಆಟದ ದಿನ ಸ್ನಾಯುಮದ್ದು ಚುಚ್ಚುವುದನ್ನು ಸಹಜವೆಂದು ಎಣಿಸುವ ಪರಿಪಾಠದ ತಪ್ಪೂ ಅಲ್ಲಿತ್ತು.

ಹಾಗಾದರೆ ಮಾಡಬೇಕಾದ್ದೇನು? ನಿಲ್ಲಿಸಬೇಕು, ಅಲ್ಲೇ, ಆ ಕ್ಷಣವೇ. ಸವಾರ ಇಳಿಯಬೇಕು, ಜೀನು ಸಡಿಲಿಸಬೇಕು. ಬಿಸಿಲಾದರೆ ನೆರಳು ಮತ್ತು ಮೈಮೇಲೆ ನೀರು, ಚಳಿಯಾದರೆ ಸೊಂಟದ ಮೇಲೆ ಕಂಬಳಿ. ಕುದುರೆಯನ್ನು ವಾಹನದ ಬಳಿಗೆ ನಡೆಸುವ ಬದಲು ವಾಹನವನ್ನೇ ಸಾಧ್ಯವಾದಷ್ಟು ಹತ್ತಿರ ತರಬೇಕು. ವೈದ್ಯರು ಬಂದ ಕೂಡಲೇ ರಕ್ತ ಮತ್ತು ಮೂತ್ರದ ಪರೀಕ್ಷೆ. ಅದರಲ್ಲಿ ಸಿಕೆಯಷ್ಟೇ ಮುಖ್ಯ ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಮತ್ತು ಲವಣಗಳು. ಚಿಕಿತ್ಸೆಯ ಬೆನ್ನೆಲುಬು ದ್ರವ: ಕುತ್ತಿಗೆಯ ರಕ್ತನಾಳಕ್ಕೆ ಸಮತೋಲಿತ ಲವಣದ ಡ್ರಿಪ್, ಒಂದೆರಡು ಬಾಟಲಿಗೆ ಮುಗಿಯುವುದಲ್ಲ, ಹತ್ತಾರು ಲೀಟರ್, ಮೂತ್ರ ತಿಳಿಯಾಗುವ ತನಕ. ಕರುಳು ಕೆಲಸ ಮಾಡುತ್ತಿದ್ದರೆ ಮೂಗಿನ ಕೊಳವೆಯ ಮೂಲಕ ಹೊಟ್ಟೆಗೂ ನೀರು, ಲವಣ ಕೊಡಬಹುದು. ನೋವಿಗೆ ಮದ್ದು ಬೇಕು, ಖಂಡಿತ ಬೇಕು. ಟೈ-ಅಪ್ ಆದ ಕುದುರೆಯ ನೋವು ಭೀಕರ. ಆದರೆ ದ್ರವ ಮೊದಲು, ಮೂತ್ರಪಿಂಡದ ಸ್ಥಿತಿ ತಿಳಿದ ಮೇಲೆ ಫಿನೈಲ್‌ಬ್ಯುಟಜೋನ್ ಜಾತಿಯ ಔಷಧ. ಅಲ್ಲಿಯವರೆಗೆ ಮೂತ್ರಪಿಂಡಕ್ಕೆ ಹೊರೆಯಾಗದ ಬೇರೆ ನೋವುನಿವಾರಕಗಳು ವೈದ್ಯರ ಬಳಿ ಇವೆ.

ನಡಿಗೆಗೂ ಅದರ ಜಾಗವಿದೆ. ಒಂದೆರಡು ದಿನ ಕಳೆದು, ಕುದುರೆ ತಾನಾಗಿ ಆರಾಮವಾಗಿ ಹೆಜ್ಜೆಯಿಡತೊಡಗಿದ ಮೇಲೆ, ಚಿಕ್ಕ ಅಂಗಳದಲ್ಲಿ ಬಿಟ್ಟು ತನ್ನಷ್ಟಕ್ಕೆ ಓಡಾಡಲು ಬಿಡುವುದು ಒಳ್ಳೆಯದು. ವಾರಗಟ್ಟಲೆ ಲಾಯದಲ್ಲಿ ಕಟ್ಟಿಹಾಕುವುದು ಇನ್ನೊಂದು ತಪ್ಪು. ಸ್ನಾಯುದೋಷವಿರುವ ಎಷ್ಟೋ ಕುದುರೆಗಳಿಗೆ ದೀರ್ಘ ವಿಶ್ರಾಂತಿಯೇ ಮುಂದಿನ ಆಘಾತದ ಮುನ್ನುಡಿ. ನಡಿಗೆ ಚೇತರಿಕೆಯ ಭಾಗ, ಚಿಕಿತ್ಸೆಯ ಭಾಗವಲ್ಲ. ಈ ಎರಡನ್ನೂ ಒಂದೇ ಗಂಟೆಯೊಳಗೆ ತುರುಕಿದ್ದೇ ಲಾಯದ ವೈದ್ಯಕ್ಕೆ ಅಂಟಿದ ದೋಷ.

ಚೇತರಿಕೆಯ ನಂತರ ಕೇಳಬೇಕಾದ ಪ್ರಶ್ನೆ ‘ಏಕೆ ಬಿಗಿಯಿತು’ ಎಂಬುದು. ಲ್ಯಾಕ್ಟಿಕ್ ಆಮ್ಲದ ಉತ್ತರ ಸಿದ್ಧವಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಅದರ ಅತಿ ದೊಡ್ಡ ಹಾನಿ ಇದೇ ಇರಬಹುದು. ಒಮ್ಮೆ ಮಾತ್ರ ಬಿಗಿದ ಕುದುರೆಯಲ್ಲಿ ಕಾರಣ ಸವಾರಿಯ ರೀತಿಯಲ್ಲಿ ಸಿಗಬಹುದು: ತಯಾರಿಗೆ ಮೀರಿದ ದೂರ, ಆರಂಭದ ಗದ್ದಲದಲ್ಲಿ ಕೆರಳಿ ಓಡಿದ ಮೊದಲ ಮೈಲಿಗಳು, ಲವಣ ಕೊಡದೆ ಬರೀ ನೀರು ನೆಚ್ಚಿದ್ದು. ಕುದುರೆಯ ಬೆವರು ಕನಿಷ್ಠ ರಕ್ತದಷ್ಟಾದರೂ ಉಪ್ಪಾಗಿರುವುದರಿಂದ ಎಷ್ಟೇ ಬೆವರಿದರೂ ರಕ್ತದ ಉಪ್ಪು ಏರುವುದಿಲ್ಲ, ಬಾಯಾರಿಕೆಯ ಸಂದೇಶ ಮೆದುಳಿಗೆ ಮುಟ್ಟುವುದಿಲ್ಲ. ನೀರು ಮುಂದಿಟ್ಟರೂ ಕುದುರೆ ಮೂಸಿ ಬಿಡುವುದು ಹಟದಿಂದಲ್ಲ. ಮತ್ತೆ ಮತ್ತೆ ಬಿಗಿಯುವ ಕುದುರೆಯದು ಬೇರೆ ಕಥೆ. ದೀರ್ಘದೂರದಲ್ಲಿ ಹೆಚ್ಚಾಗಿ ಓಡುವ ಅರಬ್ಬಿ ತಳಿಯಲ್ಲಿ ಸೋಮವಾರದ ರೋಗದ ಆ ಜೀನ್ ಕಾಣುವುದೇ ಅಪರೂಪ. ಕಳೆದ ದಶಕದಲ್ಲಿ ವಾಲ್ಬರ್ಗ್ ಅವರ ಬಳಗ ಅರಬ್ಬಿ ಕುದುರೆಗಳಲ್ಲಿ ಬೇರೆಯದೇ ದೋಷವನ್ನು ಗುರುತಿಸಿತು. ಸ್ನಾಯುತಂತುಗಳನ್ನು ಸಾಲಾಗಿ ಹಿಡಿದಿಡುವ ಡೆಸ್ಮಿನ್ ಎಂಬ ಪ್ರೋಟೀನ್ ಅಲ್ಲಲ್ಲಿ ಮುದ್ದೆಗಟ್ಟಿ, ತಂತುಗಳ ಜೋಡಣೆಯೇ ಕೆಡುವ ಮಯೊಫಿಬ್ರಿಲ್ಲರ್ ಮಯೊಪತಿ ಅದು. ಇಂಥ ಕುದುರೆಗಳ ಸ್ನಾಯುವಿನಲ್ಲಿ ಉತ್ಕರ್ಷಣದ ಹಾನಿಯನ್ನು ತಡೆಯುವ ವ್ಯವಸ್ಥೆ ದುರ್ಬಲವಾಗಿದೆ ಎಂಬ ಸೂಚನೆಗಳೂ ಸಿಕ್ಕಿವೆ. ಇವಕ್ಕೆ ಬೇಕಾದದ್ದು ಒಳ್ಳೆಯ ಪ್ರೋಟೀನ್, ಕ್ರಮ ತಪ್ಪದ ವ್ಯಾಯಾಮ, ಎಚ್ಚರಿಕೆಯ ತಯಾರಿ. ಕೂದಲೆಳೆ ಕಳಿಸಿದರೆ ಸ್ನಾಯುದೋಷದ ಜಾತಕ ಹೇಳುವ ವಾಣಿಜ್ಯ ಜೀನ್ ಪರೀಕ್ಷೆಗಳೂ ಮಾರುಕಟ್ಟೆಗೆ ಬಂದಿವೆ. ಸೋಮವಾರದ ರೋಗದ ಜೀನಿಗೆ ಮಾಡುವ ಪರೀಕ್ಷೆ ನಂಬಿಕೆಗೆ ಅರ್ಹ. ಮಯೊಫಿಬ್ರಿಲ್ಲರ್ ಮಯೊಪತಿಯಂಥ ದೋಷಗಳಿಗೆಂದು ಮಾರುವ ಪರೀಕ್ಷೆಗಳ ಫಲಿತಾಂಶ ಸ್ನಾಯುವಿನ ಚೂರಿನ ಪರೀಕ್ಷೆ ಹೇಳುವುದಕ್ಕೆ ತಾಳೆಯಾಗುವುದಿಲ್ಲ ಎಂಬುದನ್ನು ಅದೇ ಸಂಶೋಧಕರು 2021ರಲ್ಲಿ ತೋರಿಸಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಹಳೆಯ ನಂಬಿಕೆ ಏಕೆ ಸಾಯುತ್ತಿಲ್ಲ? ಅದು ಸವಾರನಿಗೆ ಅನುಕೂಲಕರ ಎಂಬುದೇ ಮುಖ್ಯ ಕಾರಣ. ದಾರಿಯ ಮಧ್ಯೆ ಡ್ರಿಪ್ ಹಾಕಿಸಿದರೆ ಕುದುರೆ ಸ್ಪರ್ಧೆಯಿಂದ ಹೊರಗೆ. ನಡೆಸಿ ಸಡಿಲಿಸಿದರೆ ಸ್ಪರ್ಧೆಯಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ತಯಾರಿ ಮಾಡಿ, ಸಾವಿರಾರು ಡಾಲರ್ ಸುರಿದು ಬಂದವರಿಗೆ ‘ಬರೀ ಆಮ್ಲ’ ಎಂಬ ಮಾತು ಕಿವಿಗೆ ಹಿತವಾಗುತ್ತದೆ. ತಪಾಸಣೆಯ ರೀತಿಯೂ ಇದಕ್ಕೆ ಇಂಬು ಕೊಡುತ್ತದೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ಸ್ಪರ್ಧೆಗಳಲ್ಲಿ ತಾಣಕ್ಕೆ ಬಂದ ಕುದುರೆಯ ಎದೆಬಡಿತ ನಿಗದಿತ ಸಮಯದೊಳಗೆ ನಿಮಿಷಕ್ಕೆ 64ಕ್ಕೆ ಇಳಿಯಬೇಕು, ನಡಿಗೆ ನೇರವಾಗಿರಬೇಕು. ಇದು ಒಳ್ಳೆಯ ನಿಯಮ, ಬಹಳ ಕುದುರೆಗಳನ್ನು ಉಳಿಸಿದೆ. ಆದರೆ ಈ ತಪಾಸಣೆ ಮುಖ್ಯವಾಗಿ ನಡೆಯುವುದು ಕುದುರೆ ಬಂದ ಹೊತ್ತಿಗೆ, ಸ್ನಾಯು ಎಷ್ಟೋ ಸಲ ಬಿಗಿಯುವುದು ವಿರಾಮದ ಕೊನೆಗೆ. ಸಿಕೆ ಬಹಳ ಏರಿದ್ದರೂ ಹೊರಗೆ ಏನನ್ನೂ ತೋರಗೊಡದೆ ಸವಾರಿ ಮುಗಿಸಿದ ಕುದುರೆಗಳು ರಕ್ತಪರೀಕ್ಷೆಗಳಲ್ಲಿ ಸಿಕ್ಕಿವೆ. ಪಾಸಾಯಿತು ಎಂಬುದು ಗಾಯವಿಲ್ಲ ಎಂಬುದಕ್ಕೆ ಪ್ರಮಾಣಪತ್ರವಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಟ್ರಯಾನ್‌ನಲ್ಲಿ ನಡೆದ ವಿಶ್ವ ಅಶ್ವಕ್ರೀಡಾಕೂಟ ಇದಕ್ಕೆ ಕಣ್ಣಮುಂದಿನ ಪಾಠ. ದೀರ್ಘದೂರ ಸ್ಪರ್ಧೆಯಲ್ಲಿ ಹೊರಟದ್ದು ಜಗತ್ತಿನ ಆಯ್ದ ಕುದುರೆಗಳು, ಕಾದಿದ್ದದ್ದು ಬಿಸಿ ಮತ್ತು ತೇವದ ಗಾಳಿ. ಮಧ್ಯದಲ್ಲೇ ಸ್ಪರ್ಧೆ ರದ್ದಾಯಿತು. ಐವತ್ತಕ್ಕೂ ಹೆಚ್ಚು ಕುದುರೆಗಳಿಗೆ ಚಿಕಿತ್ಸೆ ಬೇಕಾಯಿತು. ನ್ಯೂಜಿಲೆಂಡ್ ತಂಡದ ಒಂದು ಕುದುರೆಯ ಮೂತ್ರಪಿಂಡ ಕೈಕೊಟ್ಟು ಅದಕ್ಕೆ ದಯಾಮರಣ ನೀಡಬೇಕಾಯಿತು. ಆಯ್ದ ಕುದುರೆ, ಆಯ್ದ ವೈದ್ಯರು ಇದ್ದಲ್ಲೇ ಬಿಸಿ ಮತ್ತು ನೀರಿನ ಕೊರತೆ ಇಷ್ಟು ಮಾಡಬಲ್ಲವು. ಊರಾಚೆಯ ಸಾಮಾನ್ಯ ಸವಾರಿಯಲ್ಲಿ, ವೈದ್ಯರು ಹತ್ತು ಮೈಲಿ ಆಚೆಗಿರುವಾಗ, ಲಾಯದ ನಂಬಿಕೆಯನ್ನು ನೆಚ್ಚಿ ಕುದುರೆಯನ್ನು ನಡೆಸುವುದು ಎಷ್ಟು ಹೊಣೆಗೇಡಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕ್ರೀಡೆ ಭಾರತಕ್ಕೂ ಕಾಲಿಟ್ಟಿದೆ. ಕೇರಳ ಮೂಲದ ನಿದಾ ಅಂಜುಮ್ 2023ರಲ್ಲಿ ಫ್ರಾನ್ಸಿನಲ್ಲಿ ನಡೆದ ಕಿರಿಯ ಮತ್ತು ಯುವ ಸವಾರರ ವಿಶ್ವ ಚಾಂಪಿಯನ್‌ಷಿಪ್‌ನ 120 ಕಿಲೋಮೀಟರ್ ಸವಾರಿ ಪೂರೈಸಿದ ಮೊದಲ ಭಾರತೀಯರಾದರು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಇರುವುದು ನಮ್ಮಲ್ಲೇ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳಲ್ಲಿ ಓಡುವ ಥರೋಬ್ರೆಡ್ ತಳಿಗೂ ಮರುಕಳಿಸುವ ಟೈ-ಅಪ್ ಹೊಸದಲ್ಲ. ನಮ್ಮ ಬಿಸಿಲಿನಲ್ಲಿ ದೀರ್ಘದೂರ ಸವಾರಿ ಬೆಳೆಯುವುದಾದರೆ ಬೆವರಿನ ಲೆಕ್ಕ ಕ್ಯಾಲಿಫೋರ್ನಿಯಾದ್ದಕ್ಕಿಂತ ಕಡಿಮೆಯಿರಲಾರದು. ಕ್ರೀಡೆಯ ಜೊತೆಗೆ ಅದರ ಹಳಸಿದ ನಂಬಿಕೆಯನ್ನೂ ಆಮದು ಮಾಡಿಕೊಳ್ಳುವ ಅಗತ್ಯ ನಮಗಿಲ್ಲ.

ಸವಾರಿ ಸಂಘಟಿಸುವವರಲ್ಲಿ ಮೂರು ಬೇಡಿಕೆಗಳಿವೆ. ವಿರಾಮದ ಆರಂಭದಲ್ಲಿ ಮಾಡುವ ತಪಾಸಣೆಯನ್ನು ಹೊರಡುವ ಮುನ್ನ ಇನ್ನೊಮ್ಮೆ, ಸೊಂಟದ ಸ್ನಾಯು ಮುಟ್ಟಿ, ಕಡ್ಡಾಯವಾಗಿ ಮಾಡಿ. ಬಿಗಿದ ಕುದುರೆಯನ್ನು ದಾರಿಯಿಂದಲೇ ಎತ್ತಿ ತರುವ ವಾಹನವನ್ನು ಸವಾರಿಯ ಪರವಾನಗಿಯ ಷರತ್ತಾಗಿಸಿ. ದ್ರವ ಚಿಕಿತ್ಸೆ ಪಡೆದು ಹಿಂದೆ ಸರಿದ ಸವಾರನನ್ನು ಸೋತವನೆಂದು ಕಾಣುವ ರೂಢಿಯನ್ನು ನಿಮ್ಮ ವೇದಿಕೆಯಿಂದಲೇ ಅಳಿಸಿ. ಸವಾರರಲ್ಲಿ ಇರುವುದು ಒಂದೇ ಬೇಡಿಕೆ. ಹಿಂಗಾಲು ಬಿಗಿದ ಕುದುರೆಯನ್ನು ಇನ್ನು ಮುಂದೆ ಒಂದು ಹೆಜ್ಜೆಯನ್ನೂ ನಡೆಸಬೇಡಿ. ಇಳಿಯಿರಿ, ನೀರು ಕೊಡಿ, ವೈದ್ಯರನ್ನು ಅಲ್ಲಿಗೇ ಕರೆಸಿ.